ಹತ್ತು ನಿಮಿಷ ಕೇಳುವುದನ್ನು ಕಲಿತದ್ದು

ದೇವದುರ್ಗ
ಭಾನುವಾರ, 17 ನವೆಂಬರ್ 2024

ಮಗಳೇ ದಾನೇಶ್ವರಿ,

ಹೇಗಿದ್ದೀ ತಾಯಿ? ಹೊಸಪೇಟೆಯಲ್ಲಿ ಚಳಿ ಶುರುವಾಯಿತೇ? ಚಳಿ ಬಂದರೆ ನಿನಗೆ ಮೂಗು ಕಟ್ಟುವುದು ಸಣ್ಣವಳಿದ್ದಾಗಿನಿಂದ ಇದ್ದದ್ದೇ. ಮಲಗುವ ಮುಂಚೆ ಬಿಸಿನೀರಿನ ಹಬೆ ತೆಗೆದುಕೋ, ತಲೆಗೆ ಸ್ಕಾರ್ಫ್ ಕಟ್ಟಿಕೋ. (ನೋಡು, ನಾಲ್ಕನೆಯ ಸಾಲಿಗೇ ನನ್ನ ಉಪದೇಶ ಹೊರಬಿತ್ತು. ಈ ಪತ್ರ ಬರೆಯುತ್ತಿರುವುದೇ ನನ್ನ ಈ ರೋಗದ ಬಗ್ಗೆ.) ಅಳಿಯ ನಿಂಗರಾಜ ಅವರು ಆರಾಮವೇ? ಬಸ್ ಡಿಪೋದಲ್ಲಿ ಅವರ ಪಾಳಿ ಬದಲಾಯಿತೇ? ಇಲ್ಲಿ ನಿನ್ನ ಅವ್ವ ಚೆನ್ನಾಗಿದ್ದಾಳೆ. ಮೆಟ್ಟಿಲು ಹತ್ತುವಾಗ ಮಾತ್ರ ಮೊಣಕಾಲು ಹಿಡಿದುಕೊಂಡು ನನ್ನನ್ನೇ ಬೈಯುತ್ತಾಳೆ, ಮನೆ ಕಟ್ಟಿಸುವಾಗ ಮೆಟ್ಟಿಲು ಎತ್ತರ ಮಾಡಿಸಿದವನು ನಾನಂತೆ. ದೀಪಾವಳಿಗೆ ನೀನು ಬರಬಹುದೆಂದು ಕರ್ಜಿಕಾಯಿ ಮಾಡಿದ್ದಳು. ಬರಲಿಲ್ಲವಲ್ಲ, ಓಣಿಯವರಿಗೆಲ್ಲ ಹಂಚಿದೆವು.

ಫೋನು ಇರುವಾಗ ಅಪ್ಪ ಕಾಗದ ಯಾಕೆ ಬರೆದ ಎಂದು ನಿನಗೆ ಆಶ್ಚರ್ಯವಾಗಿರಬೇಕು. ಪೋಸ್ಟಾಫೀಸಿನಲ್ಲಿ ಲಕೋಟೆ ಕೇಳಿದಾಗ ಅಲ್ಲಿನ ಹೆಣ್ಣುಮಗಳೂ ಕನ್ನಡಕ ಸರಿಮಾಡಿಕೊಂಡು, ‘ಯಾರಿಗ್ರಿ ಸರ್, ಕೋರ್ಟಿನ ನೋಟೀಸೇನ್ರಿ?’ ಎಂದಳು. ಕಾರಣ ಇಷ್ಟೇ. ಫೋನಿನಲ್ಲಿ ನೀನು ಬಾಯಿ ತೆರೆಯುವುದರೊಳಗೆ ನಾನು ಮಾತಾಡಿ ಮುಗಿಸುತ್ತೇನೆ. ನೀನು ‘ಹೂಂ ಅಪ್ಪಾ’ ಎನ್ನುತ್ತೀ, ನಾನು ಅವ್ವನ ಕೈಗೆ ಫೋನು ಕೊಡುತ್ತೇನೆ. ನನಗೆ ಇದು ಗೊತ್ತೇ ಇರಲಿಲ್ಲ. ಈಗ ಎರಡು ತಿಂಗಳಿಂದ ಗೊತ್ತಾಗಿದೆ. ಅದು ಗೊತ್ತಾದ ಬಗೆಯನ್ನು ಮೊದಲು ಹೇಳುತ್ತೇನೆ, ಪುರುಸೊತ್ತಿನಿಂದ ಓದು.

ಸೆಪ್ಟೆಂಬರ್ ಎರಡನೆಯ ವಾರ ರಾಯಚೂರಿನಲ್ಲಿ ನಾಲ್ಕು ದಿನದ ಒಂದು ತರಬೇತಿ ಇತ್ತು. ಬಿಪಿ, ಸಕ್ಕರೆ ಕಾಯಿಲೆ, ತಲೆನೋವು, ಎದೆ ಉರಿ ಎಂದು ನಮ್ಮಂಥ ಸಣ್ಣ ಆಸ್ಪತ್ರೆಗಳಿಗೆ ಬರುವವರ ಮನಸ್ಸಿನ ಭಾರವನ್ನು ಅಲ್ಲಿಯೇ, ಹತ್ತು ಹದಿನೈದು ನಿಮಿಷದಲ್ಲಿ, ಹೇಗೆ ವಿಚಾರಿಸಬೇಕು ಮತ್ತು ಏನು ಮಾಡಬಹುದು ಎಂಬುದನ್ನು ಕಲಿಸುವ ತರಬೇತಿ. ಹೋಗಬೇಕಾಗಿದ್ದವಳು ನಮ್ಮ ನರ್ಸ್. ಅವಳು ಹೆರಿಗೆ ರಜೆಯ ಮೇಲಿದ್ದಳು. ಜಾಗ ಖಾಲಿ ಬಿಡಬಾರದೆಂದು ಡಾಕ್ಟರು ನನ್ನ ಹೆಸರು ಬರೆದು ಕಳಿಸಿದರು. ನಾನು ಮೂವತ್ತೆರಡು ವರ್ಷ ಮಾಡಿದ್ದೇನು ಹೇಳು? ನಿಂತ ನೀರಿಗೆ ಔಷಧಿ ಹೊಡೆದೆ, ಜ್ವರದವರ ಬೆರಳು ಚುಚ್ಚಿ ರಕ್ತದ ಹನಿಯನ್ನು ಗಾಜಿಗೆ ಸವರಿದೆ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದೆ. ಊರೂರಿಗೆ ನಾನು ಮಲೇರಿಯಾ ಸಾಹೇಬ. ನಿವೃತ್ತಿಗೆ ಎಂಟು ತಿಂಗಳಿರುವಾಗ ಮನಸ್ಸಿನ ವಿದ್ಯೆ ಯಾಕಪ್ಪಾ ಎಂದುಕೊಂಡೇ ಬಸ್ ಹತ್ತಿದೆ. ಊಟ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದರು. ಅದು ಸುಳ್ಳಾಯಿತು.

ಕಲಿಸಿದವರು ಉಮಾದೇವಿ ಮೇಡಂ. ಮಾನ್ವಿಯ ಹೆಣ್ಣುಮಗಳು, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಮನಶ್ಶಾಸ್ತ್ರ ಓದಿದವಳು. ಇಪ್ಪತ್ತೆರಡು ಮಂದಿಯಲ್ಲಿ ತಲೆ ನೆರೆತವನು ನಾನೊಬ್ಬನೇ. ಹಾಗಾಗಿ ಮೊದಲ ದಿನವೇ ಧೈರ್ಯ ಮಾಡಿ ಕೇಳಿದೆ: ‘ಮೇಡಂ, ಹತ್ತು ನಿಮಿಷದಾಗ ಮನಸ್ಸು ರಿಪೇರಿ ಆಗ್ತದೇನ್ರಿ?’ ಅವಳು ನಗಲಿಲ್ಲ. ‘ರಿಪೇರಿ ಮಾಡೂದಲ್ರಿ ಸರ್. ಏನಾಗೇದ ಅಂತ ಕೇಳೂದು. ಬಾಳ ಮಂದಿಗಿ ಅದನ್ನ ಯಾರೂ ಕೇಳಿರಂಗಿಲ್ಲ,’ ಎಂದಳು. ಕೇಳುವುದಷ್ಟೇ ತಾನೇ, ಅದರಲ್ಲೇನಿದೆ ಎಂದು ನಾನು ಕುರ್ಚಿಗೆ ಒರಗಿ ಕುಳಿತೆ.

ಮಧ್ಯಾಹ್ನ ನನ್ನ ಮಾನ ಹೋಯಿತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ರೋಗಿಯಂತೆ ಮಾತಾಡಬೇಕು, ಇನ್ನೊಬ್ಬರು ಐದು ನಿಮಿಷ ಕೇಳಬೇಕು ಎಂದರು. ನನ್ನ ಜೋಡಿ ವಾಹಿದಾ ಎಂಬ ನರ್ಸ್, ಅವಳೂ ಮಾನ್ವಿ ಕಡೆಯವಳೇ. ನಿದ್ದೆ ಬರುವುದಿಲ್ಲ ಎನ್ನುವ ಹೆಂಗಸಿನ ಪಾತ್ರ ಅವಳದು. ‘ಸಾಬ್, ಎರಡು ತಿಂಗಳಾತ್ರಿ, ಕಣ್ಣಿಗಿ ಕಣ್ಣು ಹತ್ತವಲ್ಲದು,’ ಎಂದಳೋ ಇಲ್ಲವೋ, ನಾನು ಚಹಾ ಬಿಡಬೇಕು ಎಂದೆ, ಬೇಗ ಮಲಗಬೇಕು ಎಂದೆ, ಬೆಳಗ್ಗೆ ನಡೆಯಬೇಕು, ಹಾಲಿಗೆ ಅರಿಶಿಣ ಹಾಕಬೇಕು, ಚಿಂತೆ ಬಿಡಬೇಕು ಎಂದೆ. ಅವಳು ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಐದು ನಿಮಿಷ ಮುಗಿದಾಗ ಹಿಂದೆ ನಿಂತು ಲೆಕ್ಕ ಹಾಕುತ್ತಿದ್ದ ಮೇಡಂ, ‘ಸರ್, ಹನ್ನೊಂದು ಸಲಹಾ ಕೊಟ್ರಿ. ಈಕಿಗಿ ನಿದ್ದಿ ಯಾಕ ಬರವಲ್ಲದು?’ ಎಂದಳು. ನನಗೆ ಗೊತ್ತಿರಲಿಲ್ಲ! ಕೋಣೆಗೆ ಕೋಣೆಯೇ ನಕ್ಕಿತು, ನಾನೂ ನಕ್ಕೆ. ಆದರೆ ಲಾಡ್ಜಿಗೆ ನಡೆದು ಹೋಗುವಾಗ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಮೂವತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಮನೆಗಳ ಹೊಸ್ತಿಲಲ್ಲಿ ನಿಂತು ಎಷ್ಟು ಲಕ್ಷ ಸಲಹೆ ಕೊಟ್ಟೆನೋ.

ಮರುದಿನ ಅದನ್ನೇ ತಿರುಗಿಸಿದರು. ನಾನು ರೋಗಿ, ವಾಹಿದಾ ಕೇಳುವವಳು. ಇಲ್ಲದ ಸೊಂಟನೋವಿನ ಕಥೆ ಕಟ್ಟಿಕೊಂಡು ಹೋಗಿದ್ದೆ. ಅವಳು ಅಡ್ಡ ಮಾತಾಡಲಿಲ್ಲ. ನಾನು ನಿಲ್ಲಿಸಿದಾಗ ಸುಮ್ಮನೆ ಕಾದಳು, ಮತ್ತೆ ನಾನು ಹೇಳಿದ್ದನ್ನೇ ಎರಡು ಮಾತಿನಲ್ಲಿ ತಿರುಗಿ ಹೇಳಿ, ‘ಬರೋಬ್ಬರಿ ಅದ ಏನ್ರಿ?’ ಎಂದು ಕೇಳಿದಳು. ಸುಮ್ಮನೆ ಕೂತು ಕೇಳುವವರ ಎದುರು ಸುಳ್ಳು ನೋವು ಹೇಳುವುದು ಎಷ್ಟು ಕಷ್ಟ ಗೊತ್ತೇ? ಸೊಂಟ ಬಿಟ್ಟು ನಿವೃತ್ತಿಯ ಮಾತು ಬಂತು, ಎಂಟು ತಿಂಗಳಾದ ಮೇಲೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಲಿ ಎಂಬ ದಿಗಿಲು ಬಂತು. ಅದು ನನ್ನೊಳಗೆ ಇದೆ ಎಂದೇ ನನಗೆ ತಿಳಿದಿರಲಿಲ್ಲ. ಇದೊಂದು ವಿಚಿತ್ರ ಯಂತ್ರದ ಹಾಗೆ ಕಂಡಿತು. ಏನೂ ಮಾಡದೆ ಕೂತರೆ ಎದುರಿನವರಲ್ಲಿ ಏನೋ ಆಗುತ್ತದೆ. ಅದು ಹೇಗೆ? ಅಲ್ಲಿಂದ ಮುಂದೆ ನಾನು ಮೊದಲ ಬೆಂಚಿಗೆ ಹೋಗಿ ಕೂತೆ.

ಮೂರನೆಯ ದಿನದ ಪಾಠವೇ ಕಠಿಣ. ಎದುರಿಗಿರುವವರನ್ನು ‘ನಿಮಗ ಸಾಯಬೇಕು ಅಂತ ಅನಸ್ತದೇನು?’ ಎಂದು ನೇರವಾಗಿ ಕೇಳುವುದನ್ನು ಅಭ್ಯಾಸ ಮಾಡಿಸಿದರು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುತ್ತದೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಹಾಗಾಗುವುದಿಲ್ಲ, ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ, ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂದು ಮೇಡಂ ಬಿಡಿಸಿ ಹೇಳಿದಳು. ಆ ನಾಲ್ಕು ಶಬ್ದ ನನ್ನ ಬಾಯಿಂದ ಹೊರಬರಲು ಹದಿನೈದು ನಿಮಿಷ ಬೇಕಾಯಿತು. ಮೊದಲ ಸಲ ಕೆಮ್ಮು ಬಂತು, ಎರಡನೆಯ ಸಲ ನಗೆ ಬಂತು. ವಾಹಿದಾ ಮಾತ್ರ ನನ್ನ ಕಣ್ಣು ನೋಡಿ ಒಂದೇ ಸಲಕ್ಕೆ ಕೇಳಿದಳು.

ಊರಿಗೆ ಬಂದ ಮೇಲೆ ನನ್ನ ಮೊದಲ ಪರೀಕ್ಷೆ ಪರಮಣ್ಣ. ನೀನು ನೋಡಿಲ್ಲ ಅವನನ್ನು. ಜಾಲಹಳ್ಳಿ ಕಡೆಯ ಕುರಿ ಕಾಯುವ ಮನುಷ್ಯ, ಐವತ್ತರ ಮೇಲೆ, ಉದ್ದ ಕಾಲು, ಹೆಗಲ ಮೇಲೆ ಕಂಬಳಿ. ಸಕ್ಕರೆ ಕಾಯಿಲೆ ಬಂದು ಮೂರು ವರ್ಷ. ತಿಂಗಳಿಗೊಮ್ಮೆ ಗುಳಿಗೆ ಒಯ್ಯುತ್ತಾನೆ, ರಕ್ತ ನೋಡಿದರೆ ಸಕ್ಕರೆ ಮುನ್ನೂರರ ಕೆಳಗೆ ಇಳಿದದ್ದೇ ಇಲ್ಲ. ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳಿಗೆ ಮುಳ್ಳು ಚುಚ್ಚಿ ಗಾಯವಾಗಿ, ಅದು ಕಪ್ಪಾಗತೊಡಗಿತ್ತು. ಹೀಗೇ ಬಿಟ್ಟರೆ ಪಾದವೇ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮೂರು ವರ್ಷ ನಾನು ಅವನಿಗೆ ಬೈದಿದ್ದೇ ಬೈದಿದ್ದು. ‘ಗುಳಿಗಿ ನುಂಗಾಕ ಏನ್ ಧಾಡಿ ನಿನಗ?’ ಎಂದು ಎಲ್ಲರೆದುರು ಕೂಗಿದ್ದೂ ಉಂಟು. ಅವನು ತಲೆ ತಗ್ಗಿಸಿ ‘ಹೂಂರಿ ಸಾಹೇಬ್ರ’ ಎಂದು ಹೋಗುತ್ತಿದ್ದ.

ಆ ಮಂಗಳವಾರ ಅವನನ್ನು ಲಸಿಕೆ ಕೋಣೆಯೊಳಗೆ ಕರೆದು, ಬಾಗಿಲು ಮುಂದೆ ಮಾಡಿ, ಅವನಿಗೂ ಒಂದು ಕುರ್ಚಿ ಹಾಕಿದೆ. ಕುರ್ಚಿ ನೋಡಿಯೇ ಅವನಿಗೆ ಹೆದರಿಕೆಯಾಯಿತು. ‘ಕಾಲು ಕಡೀತೀರೇನ್ರಿ?’ ಎಂದ. ಇಲ್ಲ, ಮಾತಾಡೋಣ ಎಂದೆ. ನಾಲಿಗೆ ತುದಿಗೆ ಹನ್ನೊಂದು ಸಲಹೆ ಬಂದು ನಿಂತಿದ್ದವು ಮಗಳೇ, ನುಂಗಿಕೊಂಡೆ. ನಿದ್ದೆ, ಊಟ, ಕುರಿ ಎಲ್ಲ ಕೇಳಿದೆ. ಅವನು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ, ಮುಖ ಮಾತ್ರ ಇಳಿದಿತ್ತು. ಕೊನೆಗೆ ಆ ನಾಲ್ಕು ಶಬ್ದ ಕೇಳಿದೆ. ಅವನು ನನ್ನ ಮುಖ ನೋಡಿ ಗೊಳ್ಳೆಂದು ನಕ್ಕ. ‘ಸಾಯಬೇಕು ಅನ್ನಾಂವ ನಿಮ್ಮ ದವಾಖಾನಿಗಿ ಯಾಕ ಬರ್ತಾನ್ರಿ, ಬೈಸ್ಕೊಳ್ಳಾಕ?’ ನನಗೂ ನಗು ಬಂತು. ನಗು ನಿಂತ ಮೇಲೆ ಅವನು ಕಂಬಳಿಯ ತುದಿ ಹಿಡಿದುಕೊಂಡು ಮೆಲ್ಲಗೆ ಹೇಳಿದ: ‘ಸಾಯೂದು ಬ್ಯಾಡ್ರಿ ಸಾಹೇಬ್ರ. ಆದ್ರ ಅಡವ್ಯಾಗ ಒಬ್ಬನ ಬಿದ್ದು ಸಾಯ್ತೀನೇನೋ ಅಂತ ಅಂಜಿಕಿ ಅದ.’

ಆಮೇಲೆ ಅವನು ಹೇಳಿದ್ದು ಇದು. ಮೊದಲ ಒಂದೆರಡು ವಾರ ಅವನು ಗುಳಿಗೆಯನ್ನು ನಾವು ಹೇಳಿದಂತೆ ಬೆಳಗ್ಗೆಯೇ ನುಂಗುತ್ತಿದ್ದ. ಐದು ಗಂಟೆಗೆ ಚಹಾ ಕುಡಿದು, ಗುಳಿಗೆ ನುಂಗಿ, ಕುರಿ ಬಿಟ್ಟುಕೊಂಡು ಹೋದರೆ ಬುತ್ತಿ ಬಿಚ್ಚುವುದು ಮಧ್ಯಾಹ್ನ ಹನ್ನೆರಡಕ್ಕೆ. ಒಂದು ದಿನ ಹತ್ತರ ಹೊತ್ತಿಗೆ ಕೈಕಾಲು ನಡುಗಿ, ಮೈಯೆಲ್ಲ ಬೆವರಿ, ಕಣ್ಣಿಗೆ ಕತ್ತಲೆ ಬಂದು ಹಳ್ಳದ ದಂಡೆಯಲ್ಲಿ ಬಿದ್ದ. ಎಚ್ಚರವಾದಾಗ ಕುರಿಗಳು ಚೆದುರಿದ್ದವು, ಎರಡು ಮರಿಗಳನ್ನು ತೋಳ ಎಳೆದೊಯ್ದಿತ್ತು. ನಿದ್ದೆ ಹತ್ತಿತ್ತು ಎಂದು ಮನೆಯಲ್ಲಿ ಸುಳ್ಳು ಹೇಳಿದ. ಆವತ್ತಿನಿಂದ ಅಡವಿಗೆ ಹೋಗುವ ದಿನ ಗುಳಿಗೆ ಮುಟ್ಟಲಿಲ್ಲ. ಮನೆಯಲ್ಲಿ ಇರುವ ದಿನ ಮಾತ್ರ ನುಂಗುತ್ತಿದ್ದ. ಮನೆಯಲ್ಲಿ ಇರುವುದು ತಿಂಗಳಿಗೆ ಎರಡು ದಿನ. ‘ನಮಗ್ಯಾಕ ಹೇಳಲಿಲ್ಲ?’ ಎಂದೆ. ‘ನೀವು ಕೇಳಲಿಲ್ಲಲ್ರಿ,’ ಎಂದ. ಬೇಸರವಿಲ್ಲದೆ, ಮಳೆ ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದ.

ಮಗಳೇ, ನನಗೆ ತಲೆ ಎತ್ತಲು ಆಗಲಿಲ್ಲ. ಹೊಟ್ಟೆಗೆ ಏನೂ ಇಲ್ಲದೆ ಆ ಗುಳಿಗೆ ನುಂಗಿದರೆ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ ಎಂಬುದು ನನಗೂ ಗೊತ್ತಿದ್ದ ವಿಷಯ. ಬೆಳಗ್ಗೆ ಊಟದ ಜೊತೆ ತಗೋ ಎಂದು ಹೇಳಿಯೂ ಇದ್ದೆ. ಅವನ ಊಟ ಎಷ್ಟು ಗಂಟೆಗೆ ಎಂದು ಕೇಳಿರಲಿಲ್ಲ. ನೇರ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಗುಳಿಗೆ ಬದಲಿಸಿ, ಬುತ್ತಿ ಬಿಚ್ಚುವ ಹೊತ್ತಿಗೆ ನುಂಗುವಂತೆ ಮಾಡಿದರು, ನಡುಕ ಬಂದರೆ ಬಾಯಿಗೆ ಹಾಕಿಕೊಳ್ಳಲು ಸೊಂಟದ ಚೀಲದಲ್ಲಿ ಬೆಲ್ಲ ಇಟ್ಟುಕೊಳ್ಳಲು ಹೇಳಿದರು. ಇನ್ನೊಂದು ಪಾಠ ನೆನಪಾಯಿತು. ಮಾಡುತ್ತೇನೆ ಎಂದವರಿಗೆ, ಹತ್ತಕ್ಕೆ ಎಷ್ಟು ಭರವಸೆ ಇದೆ ಎಂದು ಕೇಳಬೇಕಂತೆ. ಹತ್ತಕ್ಕೆ ಎಷ್ಟು ಎಂದರೆ ಪರಮಣ್ಣ ಪಿಳಿಪಿಳಿ ನೋಡಿದ. ‘ಹತ್ತು ಕುರಿ ಅದಾವ ಅಂತ ತಿಳ್ಕೋ. ಗುಳಿಗಿ ವಿಷಯದಾಗ ಎಷ್ಟು ಕುರಿ ನಿನ್ನ ಮಾತು ಕೇಳ್ತಾವ?’ ಎಂದೆ. ಅದು ತಟ್ಟನೆ ತಿಳಿಯಿತು. ‘ನಾಕು,’ ಎಂದ. ಹಳೆಯ ನಾನಾಗಿದ್ದರೆ ಉಳಿದ ಆರು ಎಲ್ಲಿ ಹೋದವು ಎಂದು ಜಗಳ ತೆಗೆಯುತ್ತಿದ್ದೆ. ಮೇಡಂ ಕಲಿಸಿದ್ದು ತಿರುವುಮುರುವು: ‘ನಾಕು ಯಾಕ? ಒಂದ ಯಾಕಲ್ಲ?’ ತನ್ನ ಕುರಿಗಳು ತನ್ನ ಕೂಗನ್ನಷ್ಟೇ ಗುರುತಿಸುತ್ತವೆ, ಪಾದ ಹೋದರೆ ಒಂದೇ ಕಡೆ ಕೂತು ಕೂಗಬೇಕಾಗುತ್ತದೆ, ಅದು ತನ್ನಿಂದಾಗದು ಎಂದ. ತನಗೆ ತಾನೇ ಹೇಳಿಕೊಂಡಂತೆ ಹೇಳಿದ. ನಾನು ಮೂರು ವರ್ಷ ಕೂಗಿದರೂ ಅವನಿಂದ ಹೊರಡದ ಮಾತು ಅದು.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಬೆರಳು ಉಳಿಯಲಿಲ್ಲ. ದಸರಾ ಕಳೆದ ವಾರ ರಾಯಚೂರಿನಲ್ಲಿ ತೆಗೆದರು. ಮೂರು ವರ್ಷ ಮೊದಲು ಒಂದು ಕುರ್ಚಿ ಹಾಕಿದ್ದರೆ ಉಳಿಯುತ್ತಿತ್ತೋ ಏನೋ, ಈ ವಿಚಾರ ನನ್ನನ್ನು ಬಿಡುವುದಿಲ್ಲ. ಪಾದ ಉಳಿದಿದೆ. ಮೊನ್ನೆ ಗುರುವಾರ ಸಕ್ಕರೆ ನೂರಾ ತೊಂಬತ್ತು. ಹೊಸ ಚಪ್ಪಲಿ ಹಾಕಿಕೊಂಡು ಬಂದು, ‘ಏಳು ಕುರಿ ಆದವ್ರಿ,’ ಎಂದು ಹೇಳಿ ಹೋದ.

ಸೋತದ್ದೂ ಇದೆ. ಕುಬ್ರಾ ಬೇಗಂ ಎಂಬ ಬಳೆ ಮಾರುವ ಮುದುಕಿ ವಾರಕ್ಕೊಮ್ಮೆ ಎದೆ ಧಡಧಡ ಎಂದು ಬರುತ್ತಾಳೆ. ಡಾಕ್ಟರು ಹೃದಯ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದಿದ್ದಾರೆ. ಅವಳಿಗೂ ಕುರ್ಚಿ ಹಾಕಿ ಮೆಲ್ಲಗೆ ವಿಚಾರಿಸಿದೆ. ಅವಳು ಸೆರಗು ಕೊಡವಿ ಎದ್ದು ನಿಂತು, ‘ಸೂಜಿ ಹಾಕೂದಿದ್ರ ಹಾಕ್ರಿ ಸಾಬ್, ಮಾತಾಡಾಕ ನನಗ ಬ್ಯಾಪಾರ ಇಲ್ಲೇನು?’ ಎಂದು ಹೊರಟೇಹೋದಳು. ವಾಹಿದಾಳಿಗೆ ಫೋನು ಮಾಡಿ ಕೇಳಿದೆ, ನಾವಿಬ್ಬರೂ ಈಗಲೂ ಇಂಥವನ್ನು ಹಂಚಿಕೊಳ್ಳುತ್ತೇವೆ. ‘ಎಲ್ಲಾರೂ ನಮಗ ಹೇಳಬೇಕಂತ ಎಲ್ಲದ್ರಿ ಸಾಬ್? ಬಳಿ ಯಾವ ಸಂತ್ಯಾಗ ಮಾರ್ತಾಳ ಅಂತ ಕೇಳ್ರಿ ಮದ್ಲ,’ ಎಂದಳು. ಮುಂದಿನ ವಾರ ಅದನ್ನೇ ಕೇಳುತ್ತೇನೆ. ಏನು ಹೇಳುತ್ತಾಳೋ ಎಂದು ಈಗಿನಿಂದಲೇ ಕುತೂಹಲ.

ಇನ್ನು ನಿನ್ನ ಅವ್ವ. ಅವಳ ಮೇಲೂ ಈ ವಿದ್ಯೆ ಪ್ರಯೋಗಿಸಿದೆ. ಮೊದಲ ದಿನ ನಾನು ಸುಮ್ಮನೆ ಕೂತು ಅವಳ ಮಾತು ಕೇಳುತ್ತಿದ್ದರೆ, ‘ಏನಾಗೇದ ನಿಮಗ? ಬಿಪಿ ಏರೇದೇನು?’ ಎಂದು ಹಣೆ ಮುಟ್ಟಿ ನೋಡಿದಳು. ನಾಲ್ಕನೆಯ ದಿನಕ್ಕೆ ಒಂದು ಗುಟ್ಟು ಹೊರಬಿತ್ತು. ಪ್ರತಿ ಶನಿವಾರ ಅವಳಿಗೆಂದು ಬಸ್‌ಸ್ಟ್ಯಾಂಡಿನಿಂದ ಮಿರ್ಚಿ ಭಜಿ ತರುತ್ತೇನಲ್ಲ, ಅದು ಅವಳಿಗೆ ಸೇರುವುದೇ ಇಲ್ಲವಂತೆ! ಹೊಟ್ಟೆ ಉರಿಯುತ್ತದಂತೆ. ನನಗೆ ಬೇಜಾರಾಗಬಾರದೆಂದು ಇಪ್ಪತ್ತಾರು ವರ್ಷ ತಿಂದಳಂತೆ. ಈಗ ಶನಿವಾರ ಪೇರಲ ಹಣ್ಣು ತರುತ್ತಿದ್ದೇನೆ. ಅದಾದರೂ ಇಷ್ಟವೋ ಇಲ್ಲವೋ, ಇನ್ನೊಂದು ವಾರ ಬಿಟ್ಟು ಕೇಳಬೇಕು.

ಕಾಗದ ಉದ್ದವಾಯಿತು. ನಿಂಗರಾಜ ಅವರಿಗೆ ನಮ್ಮಿಬ್ಬರ ನೆನಪು ತಿಳಿಸು. ಅತ್ತೆಯವರಿಗೆ ನಮಸ್ಕಾರ. ಅವ್ವ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ, ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ. ನೀನು ನೂರು ವರ್ಷ ತಣ್ಣಗೆ ಬಾಳು, ತಾಯಿ.

ನಿನ್ನ ಅಪ್ಪ,
ಹನುಮಂತ್ರಾಯ

ಮತ್ತೆ: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಇದು ಮರೆತ ಮಾತಲ್ಲ. ಮೇಲಿನ ಪುಟಗಳಲ್ಲಿ ಬರೆಯಲು ಧೈರ್ಯ ಸಾಲಲಿಲ್ಲ. ಎರಡು ವರ್ಷದ ಹಿಂದೆ ಕುಬುಸ ಮಾಡಿ ನಿನ್ನನ್ನು ಹೆರಿಗೆಗೆ ಇಲ್ಲಿಗೆ ಕರೆತಂದ ಮೇಲೆ, ಎಂಟನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಮಂಚದ ಮೇಲೆ ಮಲಗಿ ನೀನು, ‘ಅಪ್ಪಾ, ನೀ ನೋಡಿದೇನು? ಹ್ಯಾಂಗಿತ್ತು?’ ಎಂದು ಕೇಳಿದೆ. ನಾನು, ‘ಅದೆಲ್ಲಾ ಈಗ್ಯಾಕವ್ವ, ಮರತುಬಿಡು,’ ಎಂದೆ. ಆಮೇಲೆ ನೀನು ಯಾರನ್ನೂ ಕೇಳಲಿಲ್ಲ, ಈ ಮನೆಗೂ ಬರಲಿಲ್ಲ.

ನೋಡಿದ್ದೆ ತಾಯಿ. ಹೆಣ್ಣುಕೂಸು, ತಲೆತುಂಬ ಕಪ್ಪು ಕೂದಲಿತ್ತು. ಕಿವಿ ನಿನ್ನವೇ. ನಿಂಗರಾಜ ಅವರಿಗೆ ಎತ್ತಿಕೊಳ್ಳಲು ಆಗಲಿಲ್ಲ, ಅದಕ್ಕೆ ಗಾಡಿಯಲ್ಲಿ ನಮ್ಮ ಹಳ್ಳಿ ಮಸರಕಲ್‌ವರೆಗೂ ನನ್ನ ತೊಡೆಯ ಮೇಲೆಯೇ ಮಲಗಿಸಿಕೊಂಡು ಹೋದೆ. ನಮ್ಮ ಹೊಲದಲ್ಲಿ ಬನ್ನಿಗಿಡದ ಮೂಡಣ ಬದಿಗೆ ಮಣ್ಣು ಮಾಡಿದೆವು. ಗುರುತಿಗೆ ಮೂರು ಕಲ್ಲು ಇಟ್ಟಿದ್ದೇನೆ, ಉಳುಮೆಯವರಿಗೆ ಅಲ್ಲಿ ನೇಗಿಲು ಹಾಯಿಸಬೇಡಿ ಎಂದು ಹೇಳಿದ್ದೇನೆ. ನೀನು ಬಂದರೆ ಕರೆದುಕೊಂಡು ಹೋಗುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ನಾನೇ ಅಲ್ಲಿಗೆ ಬರುತ್ತೇನೆ. ಅದೂ ಬೇಡವೆಂದರೆ ಬೇಡ. ಒಂದನ್ನು ಮಾತ್ರ ಕೇಳುತ್ತೇನೆ, ಉತ್ತರಕ್ಕೆ ಅವಸರವಿಲ್ಲ. ಅವಳನ್ನು ನೀನು ಮನಸ್ಸಿನಲ್ಲಿ ಯಾವ ಹೆಸರಿನಿಂದ ಕರೆಯುತ್ತೀ?